ಸಂಬಳ ಬಿಟ್ಟುಕೊಟ್ಟವರು ನಾವು, ಜಾಸ್ತಿ ಮಾಡಿಕೊಂಡವರು ಅವರು. ಕಂಪನಿ ಮುಳುಗಿದ ಮೇಲೆ ಇದಕ್ಕೆ ದಾರಿ ಇದೆಯಾ?

ಪೀಣ್ಯ_ಫಿಟ್ಟರ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಪೀಣ್ಯ ಎರಡನೇ ಹಂತದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ನಾನು 19 ವರ್ಷ ಫಿಟ್ಟರ್ ಆಗಿದ್ದೆ. ಪಂಪಿನ ಬಿಡಿಭಾಗ ಮಾಡುತ್ತಿದ್ದೆವು, ಒಟ್ಟು 180 ಜನ. ಕೇಸು ನಡೆಯುತ್ತಿದೆ, ಹಾಗಾಗಿ ಹೆಸರು ಬರೆಯುವುದಿಲ್ಲ. ನೀವೂ ಊಹೆ ಮಾಡಿ ಬರೆಯಬೇಡಿ.

ಎರಡು ವರ್ಷದ ಹಿಂದೆ ಆರ್ಡರ್ ಕಡಿಮೆ ಆಯಿತು. ಮೊದಲು ಓಟಿ ನಿಂತಿತು. ಆಮೇಲೆ ಕ್ಯಾಂಟೀನಿನಲ್ಲಿ ಬುಧವಾರದ ಮೊಟ್ಟೆ ನಿಂತಿತು. ಆಮೇಲೆ ಒಂದು ಶನಿವಾರ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿ ಎಂ.ಡಿ. ಮಾತಾಡಿದರು. "ಇದು ನಮ್ಮೆಲ್ಲರ ಮನೆ. ಮನೆಗೆ ಕಷ್ಟ ಬಂದಾಗ ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕು" ಅಂದರು. ಸಂಬಳದಲ್ಲಿ ಶೇ. 25 ಕಡಿತ. ನಾವು ಒಪ್ಪಿದೆವು. ಯಾರೂ ಬಲವಂತ ಮಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೆಚ್.ಆರ್. ಮೇಜಿನ ಮೇಲೆ ದಾರ ಕಟ್ಟಿದ ಒಂದು ಪೆನ್ನು. ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ಸೈನ್ ಹಾಕಿದೆವು. ನನ್ನ ಸಂಬಳ 31,000. ತಿಂಗಳಿಗೆ 7,750 ಹೋಯಿತು, ಹದಿನಾರು ತಿಂಗಳು. ಒಟ್ಟು 1,24,000. ಮಗಳ ಪಿಯುಸಿ ಫೀಸಿಗೆ ಹೆಂಡತಿಯ ಬಳೆ ಅಡ ಇಟ್ಟೆ. ಅದಾದ ಮೇಲೆ ನಾಲ್ಕು ತಿಂಗಳು ಆ ಕಡಿತದ ಸಂಬಳವೂ ಬರಲಿಲ್ಲ. ಈಗ ಬ್ಯಾಂಕಿನವರು ಎನ್‌ಸಿಎಲ್‌ಟಿಗೆ (ಕಂಪನಿ ಕೇಸುಗಳ ನ್ಯಾಯಮಂಡಳಿ) ಹೋಗಿ ದಿವಾಳಿ ಪ್ರಕ್ರಿಯೆ ಶುರುವಾಗಿದೆ.

ಮೊನ್ನೆ ಅಕೌಂಟ್ಸ್‌ನಲ್ಲಿದ್ದ ಗೆಳೆಯ ಒಂದು ವಿಷಯ ಹೇಳಿದ. ಅವತ್ತಿಂದ ನಿದ್ದೆ ಬರುತ್ತಿಲ್ಲ. ಅದೇ ಹದಿನಾರು ತಿಂಗಳಲ್ಲಿ ಎಂ.ಡಿ. ಸಂಬಳ ತಿಂಗಳಿಗೆ 4 ಲಕ್ಷದಿಂದ 6 ಲಕ್ಷ ಆಗಿದೆ. ಕಂಪನಿಗೆ ಅವರ ತಮ್ಮ ಕೊಟ್ಟಿದ್ದ 80 ಲಕ್ಷ ಸಾಲ ಪೂರ್ತಿ ವಾಪಸ್ ಹೋಗಿದೆ. ನಮ್ಮ ಪಿ.ಎಫ್. ಮಾತ್ರ ಏಳು ತಿಂಗಳಿಂದ ಕಟ್ಟಿಲ್ಲ. ಪೇ ಸ್ಲಿಪ್ಪಿನಲ್ಲಿ ಹಿಡಿದುಕೊಂಡಿದ್ದಾರೆ.

ನನ್ನ ಪ್ರಶ್ನೆ ಎರಡು. ಒಂದು, ಹೀಗೆ ಮಾಡಲು ಕಾನೂನಿನಲ್ಲಿ ಅವಕಾಶ ಇದೆಯಾ? ಎರಡು, ಕಂಪನಿಗೆ ಕಷ್ಟ ಬಂದಾಗ ತ್ಯಾಗ ಯಾಕೆ ಯಾವಾಗಲೂ ಕೆಳಗಿನಿಂದ ಶುರುವಾಗುತ್ತದೆ?

ಹಾಸನದ_ಹುಡುಗ
ಅಣ್ಣಾ, ಓದಿ ಹೊಟ್ಟೆ ಉರಿಯಿತು. ಎರಡನೇ ಪ್ರಶ್ನೆಗೆ ಉತ್ತರ ಸುಲಭ. ಸಂಬಳದ ಚೆಕ್ಕಿಗೆ ಸೈನ್ ಹಾಕುವವರು ಅವರು. ತಮ್ಮ ಚೆಕ್ ಯಾರು ಕಡಿಮೆ ಬರೆದುಕೊಳ್ಳುತ್ತಾರೆ?

ಬೆಣ್ಣೆದೋಸೆ_ದಾವಣಗೆರೆ
ಕಾನೂನಿನಲ್ಲಿ ಮಿತಿ ಇದೆ. ಕಂಪನಿ ಕಾಯ್ದೆ 2013ರ ಸೆಕ್ಷನ್ 197 ನೋಡಿ. ಎಲ್ಲ ಡೈರೆಕ್ಟರ್‌ಗಳಿಗೂ ಸೇರಿ ನಿವ್ವಳ ಲಾಭದ ಶೇ. 11 ದಾಟುವಂತಿಲ್ಲ. ಲಾಭವೇ ಇಲ್ಲದಿದ್ದರೆ ಅದಕ್ಕೂ ಬೇರೆ ಮಿತಿ ಇದೆ. ನಷ್ಟದ ಕಂಪನಿಯಲ್ಲಿ 4 ಲಕ್ಷದಿಂದ 6 ಲಕ್ಷ ಮಾಡಿಕೊಂಡಿದ್ದರೆ ನೇರವಾಗಿ ದೂರು ಕೊಡಿ.

ಲೆಕ್ಕಪತ್ರ
@ಬೆಣ್ಣೆದೋಸೆ_ದಾವಣಗೆರೆ ಸರ್, ಸ್ವಲ್ಪ ತಿದ್ದುತ್ತೇನೆ. ಸೆಕ್ಷನ್ 197 ಪಬ್ಲಿಕ್ ಕಂಪನಿಗಳಿಗೆ ಮಾತ್ರ. ಇವರದು ಪ್ರೈವೇಟ್ ಲಿಮಿಟೆಡ್. ಅಲ್ಲಿ ಡೈರೆಕ್ಟರ್ ಎಷ್ಟು ಬೇಕಾದರೂ ಸಂಬಳ ತೆಗೆದುಕೊಳ್ಳಬಹುದು, ಬೋರ್ಡು ಒಪ್ಪಿದರೆ ಮುಗಿಯಿತು. ಬೋರ್ಡು ಅಂದರೆ ಬಹಳ ಕಡೆ ಅಣ್ಣ, ತಮ್ಮ, ಅತ್ತಿಗೆ. ಪಬ್ಲಿಕ್ ಕಂಪನಿ ಆಗಿದ್ದರೆ ಇನ್ನೊಂದು ತಡೆ ಇದೆ. ಬ್ಯಾಂಕಿನ ಸಾಲ ಕಟ್ಟದೆ ಬಾಕಿ ಬಿದ್ದಿದ್ದರೆ, ಮಿತಿ ಮೀರಿ ಸಂಬಳ ಕೊಡುವ ಮೊದಲು ಆ ಬ್ಯಾಂಕಿನ ಒಪ್ಪಿಗೆ ಬೇಕು. ಗಮನಿಸಿ, ಬ್ಯಾಂಕಿನ ಒಪ್ಪಿಗೆ. ಸಂಬಳ ಬಾಕಿ ಇರುವ ಕೆಲಸಗಾರರ ಒಪ್ಪಿಗೆ ಎಲ್ಲೂ ಕೇಳಿಲ್ಲ.

ಆದರೆ ಫಿಟ್ಟರ್ ಅವರೇ, ತಮ್ಮನ ಸಾಲ ವಾಪಸ್ ಕೊಟ್ಟಿದ್ದು ಬೇರೆ ಕಥೆ. ಸಂಜೆ ಬಂದು ಸರಿಯಾಗಿ ಬರೆಯುತ್ತೇನೆ.

ಬೆಣ್ಣೆದೋಸೆ_ದಾವಣಗೆರೆ
ಹೌದು, ತಪ್ಪಾಯಿತು. ಪ್ರೈವೇಟ್ ಅಂತ ಬರೆದಿದ್ದು ಕಣ್ಣಿಗೆ ಬೀಳಲಿಲ್ಲ.

ರಾಜಾಜಿನಗರ_ವರ್ಕ್‌ಶಾಪ್
ಇಲ್ಲಿ ನನ್ನ ಮಾತು ಯಾರಿಗೂ ಹಿಡಿಸುವುದಿಲ್ಲ ಅಂತ ಗೊತ್ತು. ಆದರೂ ಬರೆಯುತ್ತೇನೆ. ನಾನು ಮಾಲೀಕ, 22 ಜನರ ಸಣ್ಣ ವರ್ಕ್‌ಶಾಪು. 2020ರ ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಒಂದು ರೂಪಾಯಿ ವ್ಯಾಪಾರ ಇರಲಿಲ್ಲ. ಮಾಗಡಿ ರಸ್ತೆಯಲ್ಲಿದ್ದ 30x40 ಸೈಟು ಮಾರಿ ಸಂಬಳ ಕೊಟ್ಟೆ. ಬ್ಯಾಂಕಿನ ಸಾಲಕ್ಕೆ ನನ್ನ ಮನೆ ಅಡಮಾನ, ಜೊತೆಗೆ ಪರ್ಸನಲ್ ಗ್ಯಾರಂಟಿ. ಕಂಪನಿ ಮುಳುಗಿದರೆ ಕೆಲಸಗಾರನಿಗೆ ಇನ್ನೊಂದು ಕಡೆ ಕೆಲಸ ಸಿಗುತ್ತದೆ. ನಾನು ಬೀದಿಗೆ. 180 ಜನರ ಕಂಪನಿ ನಡೆಸುವವನಿಗೆ ತಿಂಗಳಿಗೆ 6 ಲಕ್ಷ ಅಂದರೆ ದೊಡ್ಡ ದುಡ್ಡಲ್ಲ. ಅದೇ ಅನುಭವ ಇರುವ ಮ್ಯಾನೇಜರ್ ಹೊರಗೆ ಅಷ್ಟೇ ತೆಗೆದುಕೊಳ್ಳುತ್ತಾನೆ. ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮದ್ದೂರು_ಟೈಲರ್
ಸರ್, ನೀವು ಸೈಟು ಮಾರಿ ಕೊಟ್ಟಿದ್ದು ದೊಡ್ಡ ಮನಸ್ಸು. ನಿಮ್ಮ ಬಗ್ಗೆ ಇಲ್ಲಿ ಯಾರೂ ಮಾತಾಡುತ್ತಿಲ್ಲ. ಇವರ ಎಂ.ಡಿ. ಸೈಟು ಮಾರಲಿಲ್ಲ. ತಮ್ಮನ ದುಡ್ಡು ತೆಗೆದು ಪಕ್ಕಕ್ಕಿಟ್ಟು ಆಮೇಲೆ ಬಾಗಿಲು ಹಾಕಿದರು. ಎರಡೂ ಒಂದೇನಾ?

ಪೀಣ್ಯ_ಫಿಟ್ಟರ್
@ರಾಜಾಜಿನಗರ_ವರ್ಕ್‌ಶಾಪ್ ಸರ್, 6 ಲಕ್ಷ ಜಾಸ್ತಿ ಅಂತ ನಾನು ಹೇಳಲಿಲ್ಲ. ಮೊದಲೇ 6 ಲಕ್ಷ ಇದ್ದಿದ್ದರೆ ನನಗೆ ಬೇಸರ ಇರಲಿಲ್ಲ. ನನ್ನ 7,750 ಕಿತ್ತ ತಿಂಗಳಲ್ಲೇ ಅದು 4ರಿಂದ 6 ಆಯಿತಲ್ಲ, ಅದು ಚುಚ್ಚುತ್ತದೆ. "ಎಲ್ಲರೂ ತ್ಯಾಗ ಮಾಡಬೇಕು" ಅಂದಿದ್ದು ಅವರೇ. ಇನ್ನೊಂದು ಮಾತು. ಐವತ್ತು ದಾಟಿದ ಫಿಟ್ಟರ್‌ಗೆ ಇನ್ನೊಂದು ಕಡೆ ಕೆಲಸ ಸಿಗುತ್ತದೆ ಅಂದಿರಲ್ಲ, ಜಾಲಹಳ್ಳಿ ಕ್ರಾಸ್‌ನಿಂದ ದಾಸರಹಳ್ಳಿವರೆಗೆ ಎಷ್ಟು ಗೇಟಿನಲ್ಲಿ ನಿಂತು ಬಂದಿದ್ದೇನೆ ಅಂತ ನನಗೇ ಲೆಕ್ಕ ಇಲ್ಲ. ಸಿಕ್ಕಿದ್ದು ಕಾಂಟ್ರಾಕ್ಟ್ ಕೆಲಸ, 16,000ಕ್ಕೆ.

ರಾಜಾಜಿನಗರ_ವರ್ಕ್‌ಶಾಪ್
ಒಪ್ಪಿದೆ. ಕಡಿತ ಹಾಕಿದ ತಿಂಗಳಲ್ಲೇ ಜಾಸ್ತಿ ಮಾಡಿಕೊಂಡಿದ್ದು ತಪ್ಪು. ವಯಸ್ಸಿನ ವಿಷಯ ನಾನು ಯೋಚಿಸಿರಲಿಲ್ಲ.

ಹಳೇಪೇಪರ್
ನಮ್ಮ ಬೆಂಗಳೂರಲ್ಲೇ ಇದರ ದೊಡ್ಡ ಉದಾಹರಣೆ ಇದೆಯಲ್ಲ, ಕಿಂಗ್‌ಫಿಷರ್ ಏರ್‌ಲೈನ್ಸ್. ಈಗಿನ ಹುಡುಗರಿಗೆ ಪೂರ್ತಿ ಕಥೆ ಗೊತ್ತಿರಲಿಕ್ಕಿಲ್ಲ. 2005ರಲ್ಲಿ ಶುರುವಾಯಿತು. 2012ರ ಮಾರ್ಚ್‌ ಹೊತ್ತಿಗೆ ಸಂಬಳ ನಿಂತಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಎಂಜಿನಿಯರ್‌ಗಳು ಕೆಲಸ ನಿಲ್ಲಿಸಿದರು, ಕಂಪನಿ ಲಾಕೌಟ್ ಘೋಷಿಸಿತು, ಅಕ್ಟೋಬರ್‌ನಲ್ಲಿ ಲೈಸೆನ್ಸ್ ಅಮಾನತು. ಅದೇ ತಿಂಗಳು ದೆಹಲಿಯಲ್ಲಿ ಒಬ್ಬ ನೌಕರರ ಹೆಂಡತಿ ಜೀವ ಕಳೆದುಕೊಂಡರು, ಮನೆಯಲ್ಲಿ ಆರು ತಿಂಗಳಿಂದ ಸಂಬಳ ಇರಲಿಲ್ಲ. ಸಂಬಳದಲ್ಲಿ ಹಿಡಿದ ತೆರಿಗೆ (ಟಿಡಿಎಸ್) ಕೂಡ ಸರ್ಕಾರಕ್ಕೆ ಕಟ್ಟಿರಲಿಲ್ಲ.

ಈಗ ಮೇಲಿನವರ ಕಡೆ ನೋಡಿ. 2015ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ ಮಾಲೀಕ ವಿಜಯ್ ಮಲ್ಯ ಅವರ 60ನೇ ಹುಟ್ಟುಹಬ್ಬ, ಹಾಡಲು ವಿದೇಶದಿಂದ ಗಾಯಕ ಬಂದರು. 2016ರ ಫೆಬ್ರವರಿಯಲ್ಲಿ ಯುನೈಟೆಡ್ ಸ್ಪಿರಿಟ್ಸ್ ಎಂಬ ಮದ್ಯದ ಕಂಪನಿಯ ಅಧ್ಯಕ್ಷ ಸ್ಥಾನ ಬಿಟ್ಟುಕೊಡಲು ಡಿಯಾಜಿಯೊ ಕಂಪನಿ ಅವರಿಗೆ 7.5 ಕೋಟಿ ಡಾಲರ್ ಕೊಡಲು ಒಪ್ಪಿತು. ಮಾರ್ಚ್ 2ಕ್ಕೆ ದೇಶ ಬಿಟ್ಟರು. ಅದರಲ್ಲಿ ಮೊದಲು ಬಂದ 4 ಕೋಟಿ ಡಾಲರ್ ಮಕ್ಕಳ ಹೆಸರಿಗೆ ಹೋಯಿತು. ಕೋರ್ಟಿನ ಆದೇಶ ಮೀರಿ ಹೀಗೆ ಮಾಡಿದ್ದಕ್ಕೆ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ನಾಲ್ಕು ತಿಂಗಳ ಜೈಲು, 2,000 ರೂಪಾಯಿ ದಂಡ ಹಾಕಿತು. ಕುರ್ಚಿ ಬಿಡುವುದಕ್ಕೂ ದುಡ್ಡು ಕೊಡುವ ಲೋಕ ಅದು. ಕೆಲಸ ಬಿಡಿಸಿಕೊಂಡವರಿಗೆ ಕೊನೆಯ ತಿಂಗಳ ಸಂಬಳವೂ ಇಲ್ಲ.

ಈ_ಸಲ_ಕಪ್
ಮಲ್ಯ ಬಗ್ಗೆ ಎಲ್ಲರೂ ಕಲ್ಲು ಹೊಡೆಯುತ್ತೀರಿ. ಬ್ಯಾಂಕುಗಳಿಗೆ 14,131 ಕೋಟಿ ವಾಪಸ್ ಬಂದಿದೆ ಅಂತ 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವರೇ ಲೋಕಸಭೆಯಲ್ಲಿ ಹೇಳಿದ್ದಾರೆ. ತೆಗೆದುಕೊಂಡ ಸಾಲಕ್ಕಿಂತ ಜಾಸ್ತಿ. 2025ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ನೌಕರರ ಕ್ಷಮೆಯನ್ನೂ ಕೇಳಿದ್ದಾರೆ. ಕೋರ್ಟಿನಲ್ಲಿದ್ದ ದುಡ್ಡಲ್ಲಿ ಸಂಬಳ ಕೊಡಲು ಹೊರಟರೆ ಬ್ಯಾಂಕಿನವರು ಬಿಡಲಿಲ್ಲ ಅಂತಲೂ ಹೇಳಿದ್ದಾರೆ. ಆರ್‌ಸಿಬಿ ಕಟ್ಟಿದ್ದು ಯಾರು?

ಹಳೇಪೇಪರ್
ನಿಮ್ಮ ಅಂಕಿ ಸರಿ ಇದೆ. ಆದರೆ ಅದನ್ನೇ ಇನ್ನೊಂದು ಕಡೆಯಿಂದ ನೋಡಿ. ಬ್ಯಾಂಕುಗಳಿಗೆ ಅಷ್ಟು ದುಡ್ಡು ಬಂದು ಮುಟ್ಟಿದ ಮೇಲೂ ನೌಕರರ ಬಾಕಿ ಹಾಗೇ ಇತ್ತು. ಸುಮಾರು 312 ಕೋಟಿ ನೌಕರರಿಗೆ ಹಂಚಲು ಬಿಡುಗಡೆ ಆಗಿದ್ದು 2025ರ ಡಿಸೆಂಬರ್‌ನಲ್ಲಿ. 2012ರಿಂದ ಎಣಿಸಿ. ಹದಿಮೂರು ವರ್ಷ. ಆಗ ಎಲ್‌ಕೆಜಿಗೆ ಸೇರಿದ ಮಗು ಈಗ ಡಿಗ್ರಿಗೆ ಬಂದಿರುತ್ತದೆ. ಅವರು ಕ್ಷಮೆ ಕೇಳಿದ್ದು ನಿಜವೇ ಇರಬಹುದು. ಆದರೆ ಹದಿಮೂರು ವರ್ಷದ ಮನೆ ಬಾಡಿಗೆ ಅವರು ಕಟ್ಟಿಲ್ಲವಲ್ಲ.

ಹಾಸನದ_ಹುಡುಗ
ಆರ್‌ಸಿಬಿ ಬೇರೆ, ಸಂಬಳ ಬೇರೆ ಗುರು. 2008ರಲ್ಲಿ ಟೀಮ್ ಕೊಂಡಿದ್ದು 11.16 ಕೋಟಿ ಡಾಲರ್‌ಗೆ. ಅದೇ ಹೊತ್ತಿನಲ್ಲಿ ಫಾರ್ಮುಲಾ ಒನ್ ಟೀಮು. ಏರ್ ಡೆಕ್ಕನ್ ಕೊಂಡಿದ್ದು ಅದರ ಹಿಂದಿನ ವರ್ಷ. ಒಂದು ಕೈಯಲ್ಲಿ ಎಷ್ಟು ಹಿಡಿಯುವುದು?

ಗೊರೂರು_ಹಳ್ಳಿ
ಏರ್ ಡೆಕ್ಕನ್ ಅಂದಿರಲ್ಲ, ಅದನ್ನು ಕಟ್ಟಿದ ಗೋಪಿನಾಥ್ ನಮ್ಮೂರಿನವರು. ಒಂದು ರೂಪಾಯಿ ಟಿಕೆಟ್ ಬಂದಾಗ ನಮ್ಮ ಚಿಕ್ಕಪ್ಪ ಪಂಚೆ ಉಟ್ಟುಕೊಂಡೇ ವಿಮಾನ ಹತ್ತಿದ್ದರು. ಊರಿಗೆ ವಾಪಸ್ ಬಂದು ಒಂದು ವಾರ ಅದನ್ನೇ ಹೇಳುತ್ತಿದ್ದರು.

ಈ_ಸಲ_ಕಪ್
ಆದರೂ ಮಲ್ಯ ಇಲ್ಲದಿದ್ದರೆ ಆರ್‌ಸಿಬಿ ಇರುತ್ತಿರಲಿಲ್ಲ. 2025ರ ಜೂನ್ 3ರ ರಾತ್ರಿ ನಾನು ಅತ್ತಿದ್ದೇನೆ.

ವೇದಿಕೆ_ನಿರ್ವಾಹಕ
ಕ್ರಿಕೆಟ್‌ಗೆ ಬೇರೆ ಥ್ರೆಡ್ ಇದೆ. ಇಲ್ಲಿ ಒಬ್ಬರು ಸಹಾಯ ಕೇಳಿದ್ದಾರೆ, ವಿಷಯಕ್ಕೆ ಬನ್ನಿ.

ಲೆಕ್ಕಪತ್ರ
ಹೇಳಿದ ಹಾಗೆ ಬಂದಿದ್ದೇನೆ. ಫಿಟ್ಟರ್ ಅವರೇ, ಕಾಗದ ಪೆನ್ನು ಇಟ್ಟುಕೊಂಡು ಓದಿ.

ತಮ್ಮನ 80 ಲಕ್ಷ. ದಿವಾಳಿ ಕಾಯ್ದೆಯ ಸೆಕ್ಷನ್ 43 ಇದೆ. ಬಾಕಿ ಇರುವವರ ಸಾಲಿನಲ್ಲಿ ಒಬ್ಬರನ್ನು ಮಾತ್ರ ಮುಂದೆ ಎಳೆದು ಕೊಟ್ಟಿದ್ದರೆ ಅದನ್ನು ರದ್ದು ಮಾಡಿಸಬಹುದು. ಮಾಮೂಲಿ ಜನರಿಗೆ ಕೊಟ್ಟಿದ್ದರೆ ದಿವಾಳಿ ಪ್ರಕ್ರಿಯೆ ಶುರುವಾದ ದಿನದಿಂದ ಹಿಂದಕ್ಕೆ ಒಂದು ವರ್ಷ ನೋಡುತ್ತಾರೆ. ಸಂಬಂಧಿಕರಿಗೆ ಕೊಟ್ಟಿದ್ದರೆ ಎರಡು ವರ್ಷ. ನಿಮ್ಮ ಎಂ.ಡಿ.ಯ ತಮ್ಮ ಈ ಎರಡನೇ ಸಾಲಿಗೆ ಬರುತ್ತಾರೆ. ಇದನ್ನು ಎನ್‌ಸಿಎಲ್‌ಟಿ ಮುಂದೆ ಇಡಬೇಕಾದವರು ರೆಸಲ್ಯೂಶನ್ ಪ್ರೊಫೆಷನಲ್ (ಆರ್.ಪಿ.), ಅಂದರೆ ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದವರು. ಅವರಿಗೆ ಇಮೇಲ್‌ನಲ್ಲಿ ಬರೆಯಿರಿ. ಬಾಯಿಮಾತಲ್ಲಿ ಹೇಳಿ ಬರಬೇಡಿ.

ಪಿ.ಎಫ್. ಮತ್ತು ಗ್ರಾಚ್ಯುಟಿ. ಇದು ಒಳ್ಳೆ ಸುದ್ದಿ. ಸೆಕ್ಷನ್ 36ರ ಪ್ರಕಾರ ಪಿ.ಎಫ್., ಪೆನ್ಷನ್, ಗ್ರಾಚ್ಯುಟಿ ನಿಧಿಯ ದುಡ್ಡು ಕಂಪನಿಯ ಆಸ್ತಿಯೇ ಅಲ್ಲ, ಸಾಲ ಕೊಟ್ಟವರು ಹಂಚಿಕೊಳ್ಳುವಂತಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತಲ್ಲ, ಅಲ್ಲಿನ ನೌಕರರಿಗೆ ಪಿ.ಎಫ್. ಮತ್ತು ಗ್ರಾಚ್ಯುಟಿ ಬಾಕಿ ಕೊಡಬೇಕು ಅನ್ನುವ ಆದೇಶವನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಂಬಳದಲ್ಲಿ ಹಿಡಿದು ಕಟ್ಟದಿದ್ದರೆ ಅದು ಬರೀ ಬಾಕಿ ಅಲ್ಲ, ಕ್ರಿಮಿನಲ್ ನಂಬಿಕೆ ದ್ರೋಹ. ಪಾಸ್‌ಬುಕ್ ಪ್ರಿಂಟು ಮತ್ತು ಪೇ ಸ್ಲಿಪ್ಪು ಪಕ್ಕಪಕ್ಕ ಇಟ್ಟು ಪಿ.ಎಫ್. ಆಫೀಸಿಗೆ ದೂರು ಕೊಡಿ.

ಸಂಬಳದ ಬಾಕಿ. ಕಂಪನಿ ಲಿಕ್ವಿಡೇಶನ್‌ಗೆ (ಆಸ್ತಿ ಮಾರಿ ಮುಚ್ಚುವುದು) ಹೋದರೆ ಹಂಚುವ ಸಾಲು ಸೆಕ್ಷನ್ 53ರಲ್ಲಿದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅಡಮಾನದ ಹಕ್ಕು ಬಿಟ್ಟುಕೊಟ್ಟ ಬ್ಯಾಂಕಿನ ಜೊತೆ ಸರಿಸಮ. ಆ 24 ತಿಂಗಳನ್ನು ಲಿಕ್ವಿಡೇಶನ್ ಶುರುವಾದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಪ್ರಕ್ರಿಯೆ ಎಳೆದಷ್ಟೂ ನಿಮ್ಮ ಹಳೆಯ ತಿಂಗಳುಗಳು ಲೆಕ್ಕದಿಂದ ಜಾರಿಹೋಗುತ್ತವೆ. ಕ್ಲೇಮ್ ಹಾಕಲು ಫಾರಂ ಡಿ. ಪ್ರಕಟಣೆಯಲ್ಲಿ ಕೊಟ್ಟ ಕೊನೆಯ ದಿನಾಂಕದೊಳಗೆ ಹಾಕಿದರೆ ಒಳ್ಳೆಯದು, ತಪ್ಪಿದರೆ ದಿವಾಳಿ ಪ್ರಕ್ರಿಯೆ ಶುರುವಾದ ದಿನದಿಂದ 90 ದಿನದವರೆಗೂ ಹಾಕಬಹುದು. ಅದಕ್ಕಿಂತ ತಡ ಮಾಡಬೇಡಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯ. ನೀವು ಸೈನ್ ಹಾಕಿದ ಕಾಗದದಲ್ಲಿ ಏನಿದೆ? ಶೇ. 25 "ಕಡಿತ" ಅಂತಿದೆಯಾ, "ಸದ್ಯಕ್ಕೆ ತಡೆಹಿಡಿದಿದೆ, ಮುಂದೆ ಕೊಡುತ್ತೇವೆ" ಅಂತಿದೆಯಾ? ತಡೆಹಿಡಿದಿದ್ದರೆ ಅದು ನಿಮಗೆ ಬರಬೇಕಾದ ಸಾಲ. ಕಡಿತ ಅಂದರೆ ನೀವು ಬಿಟ್ಟುಕೊಟ್ಟ ಹಾಗೆ. 1,24,000 ನಿಂತಿರುವುದು ಆ ಒಂದು ಪದದ ಮೇಲೆ.

ಪೀಣ್ಯ_ಫಿಟ್ಟರ್
ಸರ್ ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಆ ಕಾಗದ ಇಂಗ್ಲಿಷಿನಲ್ಲಿತ್ತು. ಒಂದೇ ಪ್ರತಿ, ಅವರ ಹತ್ತಿರವೇ ಇದೆ. ಏನು ಬರೆದಿತ್ತು ಅಂತ ನನಗೆ ಗೊತ್ತಿಲ್ಲ.

ಮದ್ದೂರು_ಟೈಲರ್
ಇದೇ ಆಗಿದ್ದು ನಮಗೂ. ಗಾರ್ಮೆಂಟ್ಸ್ ಫ್ಯಾಕ್ಟರಿ, ಹೆಸರು ಬೇಡ. ಮುಚ್ಚುವ ಮೊದಲು ಒಂದು ಕಾಗದಕ್ಕೆ ಸೈನ್ ಹಾಕಿಸಿಕೊಂಡರು. "ಹಬ್ಬದ ಅಡ್ವಾನ್ಸ್ ಕೊಡಲು" ಅಂದರು. ಆಮೇಲೆ ಗೊತ್ತಾಯಿತು, ಅದು ರಾಜೀನಾಮೆ ಪತ್ರ. ರಾತ್ರಿ ಲಾರಿ ತಂದು ಮೆಷಿನ್ ಸಾಗಿಸಿದರು. ಬೆಳಗ್ಗೆ ನಾವು ಬುತ್ತಿ ಹಿಡಿದು ಹೋದರೆ ಗೇಟಿಗೆ ಬೀಗ. ಒಳಗೆ ನನ್ನ ಕತ್ತರಿ ಇತ್ತು, ನನ್ನ ಸ್ವಂತದ್ದು, ಅಮ್ಮ ಕೊಡಿಸಿದ್ದು. ಅದನ್ನು ವಾಪಸ್ ಕೊಡಿ ಅಂತ ಮೂರು ದಿನ ಗೇಟಿನಲ್ಲಿ ಕೂತಿದ್ದೆ. ಸಂಬಳಕ್ಕಿಂತ ಅದಕ್ಕೇ ಜಾಸ್ತಿ ಅತ್ತೆ.

ಧಾರವಾಡ_ಪೇಡೆ
ಅಕ್ಕಾ, ಕತ್ತರಿ ಸಿಕ್ಕಿತೇನ್ರೀ?

ಮದ್ದೂರು_ಟೈಲರ್
ವಾಚ್‌ಮನ್ ತಂದುಕೊಟ್ಟ. ಪಾಪ, ಅವನಿಗೂ ಮೂರು ತಿಂಗಳು ಸಂಬಳ ಬಂದಿರಲಿಲ್ಲ.

ಹೆಚ್ಆರ್_ಮೈಸೂರು
ನಾನು ಹದಿನೈದು ವರ್ಷ ಹೆಚ್.ಆರ್. ಕೆಲಸ ಮಾಡಿದ್ದೇನೆ. ಮೇಲಿನವರಿಗೆ ಕಷ್ಟಕಾಲದಲ್ಲಿ ಜಾಸ್ತಿ ಕೊಡುವುದಕ್ಕೂ ಒಂದು ಕಾರಣ ಇರುತ್ತದೆ, ಬೈಯಬೇಡಿ. ಕಂಪನಿ ಅಲುಗಾಡಿದ ತಕ್ಷಣ ಮೊದಲು ಓಡುವವರು ಒಳ್ಳೆಯ ಮ್ಯಾನೇಜರ್‌ಗಳು, ಯಾಕೆಂದರೆ ಅವರಿಗೆ ಬೇರೆ ಕಡೆ ಕರೆಯುವವರು ಇರುತ್ತಾರೆ. ಅವರನ್ನು ಹಿಡಿದಿಟ್ಟುಕೊಳ್ಳಲು ಬೋನಸ್ ಕೊಡುತ್ತಾರೆ. ಎಲ್ಲರೂ ಓಡಿದರೆ ಕಂಪನಿ ಇನ್ನೂ ಬೇಗ ಮುಳುಗುತ್ತದೆ, ಆಗ ಕೆಲಸಗಾರರಿಗೇ ನಷ್ಟ.

ವುಲ್ವರ್‌ಹ್ಯಾಂಪ್ಟನ್_ಕನ್ನಡಿಗ
ಮೇಡಂ, ಈ ವಾದ ನಾನು ಇಂಗ್ಲೆಂಡಿನಲ್ಲೂ ಬಹಳ ಕೇಳಿದ್ದೇನೆ. ನಾನಿರುವ ಊರಿನಲ್ಲೇ ಕರಿಲಿಯನ್ ಎಂಬ ಕಂಪನಿಯ ಮುಖ್ಯ ಕಚೇರಿ ಇತ್ತು. ಆಸ್ಪತ್ರೆ ಕಟ್ಟುವುದು, ಶಾಲೆಗೆ ಊಟ ಕೊಡುವುದು, ಜೈಲು ನೋಡಿಕೊಳ್ಳುವುದು ಎಲ್ಲ ಅವರದ್ದೇ. 2018ರ ಜನವರಿ 15ಕ್ಕೆ ಮುಳುಗಿತು. 2016ರಲ್ಲಿ ಅದರ ಸಿಇಒಗೆ ಬೋನಸ್ ಸೇರಿ ಸುಮಾರು 15 ಲಕ್ಷ ಪೌಂಡ್. ಅದೇ ವರ್ಷ ಕಂಪನಿ ತನ್ನ ನಿಯಮವನ್ನೂ ಬದಲಾಯಿಸಿತ್ತು. ಕಂಪನಿ ಕೆಟ್ಟರೆ ಕೊಟ್ಟ ಬೋನಸ್ ವಾಪಸ್ ಪಡೆಯುವುದು ಇನ್ನೂ ಕಷ್ಟ ಆಗುವ ಹಾಗೆ. ಇಲ್ಲಿ ಯಾರು ಯಾರನ್ನು ಹಿಡಿದಿಟ್ಟುಕೊಂಡರು ಹೇಳಿ? ಕೆಲಸಗಾರರ ಪೆನ್ಷನ್ ನಿಧಿಯಲ್ಲಿ ದೊಡ್ಡ ತೂತು. ಪಾರ್ಲಿಮೆಂಟ್ ಸಮಿತಿ ಕರೆದು ಕೂರಿಸಿ ಕೇಳಿತು, ನಾನು ಲೈವ್ ನೋಡಿದೆ.

ಹೆಚ್ಆರ್_ಮೈಸೂರು
ಹಿಡಿದಿಟ್ಟುಕೊಳ್ಳುವ ಬೋನಸ್ ಬೇರೆ, ವಾಪಸ್ ಕೇಳದ ಹಾಗೆ ಬಾಗಿಲು ಹಾಕಿಕೊಳ್ಳುವುದು ಬೇರೆ. ಎರಡನೆಯದನ್ನು ನಾನೂ ಒಪ್ಪುವುದಿಲ್ಲ. ಆದರೆ ಬೋನಸ್ ಕೊಟ್ಟವರೆಲ್ಲ ಕಳ್ಳರಲ್ಲ ಅನ್ನುವುದು ನನ್ನ ಮಾತು.

ಧಾರವಾಡ_ಪೇಡೆ
ಒಳ್ಳೆ ಫಿಟ್ಟರ್‌ಗೂ ಬೇರೆ ಕಡೆಯಿಂದ ಕರೆ ಬರುತ್ತದಲ್ರೀ ಮೇಡಂ. ಅವನನ್ನು ಹಿಡಿದಿಟ್ಟುಕೊಳ್ಳಲು ಬೋನಸ್ ಕೊಟ್ಟಿದ್ದು ಎಲ್ಲಾದರೂ ನೋಡಿದ್ದೀರೇನು? ಅವನಿಗೆ ಮಾತ್ರ ಯಾಕೆ "ಇದು ನಮ್ಮ ಮನೆ" ಭಾಷಣ?

ಟೋಕಿಯೋ_ತಿಂಡಿ
ಬೇರೆ ಥರ ಮಾಡಿದವರೂ ಇದ್ದಾರೆ. ಜಪಾನ್ ಏರ್‌ಲೈನ್ಸ್ ಅಧ್ಯಕ್ಷ ನಿಶಿಮಾತ್ಸು ತಮ್ಮ ಸಂಬಳವನ್ನು ತಮ್ಮದೇ ಪೈಲಟ್‌ಗಳಿಗಿಂತ ಕಡಿಮೆ ಮಾಡಿಕೊಂಡರು. ಬಸ್ಸಿನಲ್ಲಿ ಆಫೀಸಿಗೆ ಬರುತ್ತಿದ್ದರು, ನೌಕರರ ಕ್ಯಾಂಟೀನಿನಲ್ಲೇ ಊಟ. ಆದರೂ 2010ರ ಜನವರಿಯಲ್ಲಿ ಕಂಪನಿ ದಿವಾಳಿ ಆಯಿತು. ಆಮೇಲೆ ಸರ್ಕಾರ ಕ್ಯೋಸೆರಾ ಕಂಪನಿ ಕಟ್ಟಿದ ಇನಾಮೊರಿಯವರನ್ನು ಕರೆಯಿತು, ಆಗ ಅವರಿಗೆ 77 ವಯಸ್ಸು ದಾಟಿತ್ತು. ಒಂದು ಯೆನ್ ಸಂಬಳ ಇಲ್ಲದೆ ಬಂದರು. 2012ರಲ್ಲಿ ಕಂಪನಿ ಮತ್ತೆ ಶೇರು ಮಾರುಕಟ್ಟೆಗೆ ಬಂತು.

ಬೆಣ್ಣೆದೋಸೆ_ದಾವಣಗೆರೆ
ನೋಡಿ, ಮನಸ್ಸಿದ್ದರೆ ಮಾರ್ಗ.

ಟೋಕಿಯೋ_ತಿಂಡಿ
ಪೂರ್ತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪಾಗುತ್ತದೆ. ಆ ಪುನರ್ಜನ್ಮಕ್ಕೆ ಸುಮಾರು 16,000 ಜನರ ಕೆಲಸ ಹೋಯಿತು. ನಿವೃತ್ತರ ಪೆನ್ಷನ್ ಕಡಿಮೆ ಆಯಿತು. ಮೇಲಿನವರು ಸಂಬಳ ಬಿಟ್ಟ ಮಾತ್ರಕ್ಕೆ ಕೆಳಗಿನವರ ನೋವು ತಪ್ಪಲಿಲ್ಲ. ಆದರೆ ಒಂದು ವ್ಯತ್ಯಾಸ ಇತ್ತು. ತ್ಯಾಗ ಕೇಳಿದವರು ಮೊದಲು ತಾವು ಮಾಡಿ ಕೇಳಿದರು. ಇನಾಮೊರಿ ಮಾತಾಡುವಾಗ ಜನ ತಲೆ ಎತ್ತಿ ಕೇಳಲು ಅದೇ ಕಾರಣ ಅಂತ ನನ್ನ ಜಪಾನಿ ಸಹೋದ್ಯೋಗಿ ಇವತ್ತಿಗೂ ಹೇಳುತ್ತಾರೆ.

ಕೋರಮಂಗಲ_ಕೋಡರ್
ನಮ್ಮ ಸ್ಟಾರ್ಟಪ್ ಲೋಕದ್ದೂ ಸೇರಿಸಿ. ಬೈಜೂಸ್ 2022ರ ಅಕ್ಟೋಬರ್‌ನಲ್ಲಿ 2,500 ಜನರನ್ನು ತೆಗೆಯುತ್ತೇವೆ ಅಂದಿತು. ನವೆಂಬರ್ ಮೊದಲ ವಾರದಲ್ಲೇ ಮೆಸ್ಸಿ ನಮ್ಮ ರಾಯಭಾರಿ ಅಂತ ಘೋಷಿಸಿತು. ಅದೇ ತಿಂಗಳ ಫುಟ್‌ಬಾಲ್ ವಿಶ್ವಕಪ್‌ಗೂ ಪ್ರಾಯೋಜಕ. 2,200 ಕೋಟಿ ಡಾಲರ್ ಬೆಲೆ ಅಂತಿದ್ದ ಕಂಪನಿ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಬಂತು, ಅದೂ ಬಿಸಿಸಿಐ ಕೇಳಿದ 158 ಕೋಟಿ ಚಿಲ್ಲರೆ ಬಾಕಿಗೆ.

ಹೆಚ್ಆರ್_ಮೈಸೂರು
ಅಲ್ಲೂ ಇನ್ನೊಂದು ಮುಖ ಇದೆ. 2023ರ ಡಿಸೆಂಬರ್‌ನಲ್ಲಿ ಸಂಬಳ ಕೊಡಲು ಬೈಜೂಸ್ ಸ್ಥಾಪಕ ರವೀಂದ್ರನ್ ಮನೆಗಳನ್ನೇ ಅಡ ಇಟ್ಟರು ಅಂತ ಪತ್ರಿಕೆಗಳಲ್ಲಿ ಬಂದಿತ್ತು.

ಕೋರಮಂಗಲ_ಕೋಡರ್
ಬಂದಿತ್ತು, ಓದಿದ್ದೇನೆ. ಅದನ್ನು ಕಡೆಗಣಿಸುವುದಿಲ್ಲ. ಆದರೆ ಮೆಸ್ಸಿಗಿಂತ ಮೊದಲು ಆ ಯೋಚನೆ ಬರಬೇಕಿತ್ತು ಅಲ್ವಾ? ನನ್ನ ಹಳೆ ಸ್ಟಾರ್ಟಪ್‌ನಲ್ಲಿ, ಅದು ಬೇರೆ, ಸಣ್ಣದು, ಹೆಸರು ಬೇಡ, ಸಂಬಳದ ಬದಲು ಶೇರು ಕೊಡುತ್ತೇವೆ ಅಂದರು. ಅರ್ಧ ಸಂಬಳ ಬಿಟ್ಟು ಇಸಾಪ್ ತೆಗೆದುಕೊಂಡೆವು. ಫೌಂಡರ್‌ಗಳು ಅದಕ್ಕೂ ಮೊದಲೇ ತಮ್ಮ ಪಾಲಿನ ಶೇರು ಹೂಡಿಕೆದಾರರಿಗೆ ಮಾರಿ ದುಡ್ಡು ಮಾಡಿಕೊಂಡಿದ್ದರು. ಕಂಪನಿ ಮುಚ್ಚಿದ ದಿನ ನಮ್ಮ ಶೇರಿನ ಬೆಲೆ ಸೊನ್ನೆ. ಈಗಲೂ ಲ್ಯಾಪ್‌ಟಾಪ್‌ನಲ್ಲಿ ಆ ಪಿಡಿಎಫ್ ಇದೆ. ಅಳಿಸಲು ಮನಸ್ಸು ಬರುವುದಿಲ್ಲ.

ಸೂಪರ್‌ವೈಸರ್_ತುಮಕೂರು
ಲೆಕ್ಕಪತ್ರ ಸರ್, ಕಾರ್ಮಿಕರ ಬಾಕಿ 24 ತಿಂಗಳು ಅಂದಿರಿ. ನಾನು ಸೂಪರ್‌ವೈಸರ್, ನನಗೆ?

ಲೆಕ್ಕಪತ್ರ
ಸೂಪರ್‌ವೈಸರ್ ಕೆಲಸ ಮತ್ತು ಸಂಬಳ ನೋಡಿ, ನೀವು ಕಾರ್ಮಿಕ ಅಲ್ಲ ಅಂತ ಆದರೆ "ನೌಕರ" ಸಾಲಿಗೆ ಬರುತ್ತೀರಿ. 12 ತಿಂಗಳ ಬಾಕಿ ಮಾತ್ರ, ಅದೂ ಕಾರ್ಮಿಕರು ಮತ್ತು ಬ್ಯಾಂಕಿನ ನಂತರ. ಹುದ್ದೆಯ ಹೆಸರಿಗಿಂತ ದಿನವೂ ನಿಜವಾಗಿ ಏನು ಕೆಲಸ ಮಾಡುತ್ತಿದ್ದಿರಿ ಅನ್ನುವುದು ಮುಖ್ಯ. ಸ್ಪ್ಯಾನರ್ ಹಿಡಿದು ಕೆಲಸ ಮಾಡುತ್ತಿದ್ದರೆ ಅದನ್ನು ಬರೆಯಿರಿ.

ಸೂಪರ್‌ವೈಸರ್_ತುಮಕೂರು
ಅನ್ಯಾಯ ಇದು. ಕಡಿತ ಹಾಕುವಾಗ ನನಗೆ ಶೇ. 35, ಹುಡುಗರಿಗೆ ಶೇ. 25. "ನೀವು ಮ್ಯಾನೇಜ್‌ಮೆಂಟ್" ಅಂದರು. ಈಗ ಹಂಚುವಾಗ ಹಿಂದೆ ನಿಲ್ಲಿ ಅಂತೀರಿ.

ಹಾಸನದ_ಹುಡುಗ
ಬ್ಯಾಂಕಿನವರು ಮೀಟಿಂಗಲ್ಲಿ ಕೂತು ತೀರ್ಮಾನ ಮಾಡುತ್ತಾರಲ್ಲ, ಅಲ್ಲಿ ಕೆಲಸಗಾರರಿಗೆ ಓಟು ಇದೆಯಾ ಸರ್?

ಲೆಕ್ಕಪತ್ರ
ಇಲ್ಲ. ಕಾರ್ಮಿಕರು, ಸರಕು ಕೊಟ್ಟವರು ಇಂಥವರೆಲ್ಲರ ಬಾಕಿ ಸೇರಿ ಒಟ್ಟು ಸಾಲದ ಶೇ. 10 ಮುಟ್ಟಿದರೆ ಪ್ರತಿನಿಧಿ ಒಬ್ಬರು ಹೋಗಿ ಕೂರಬಹುದು. ಮಾತಾಡಬಹುದು. ಓಟು ಇಲ್ಲ.

ಹಾಸನದ_ಹುಡುಗ
ಹದಿನಾರು ತಿಂಗಳು ಕಾಲು ಸಂಬಳ ಬಿಟ್ಟುಕೊಟ್ಟವನೂ ಆ ಕಂಪನಿಗೆ ಸಾಲ ಕೊಟ್ಟವನೇ. ಬ್ಯಾಂಕಿಗೆ ಓಟು, ಅವನಿಗೆ ಕುರ್ಚಿ ಮಾತ್ರ. ಇದನ್ನು ಬದಲಾಯಿಸಲು ನಮ್ಮ ಎಂಪಿಗಳಲ್ಲಿ ಯಾರಾದರೂ ಒಬ್ಬರು ಬಾಯಿ ಬಿಟ್ಟರೆ ಸಾಕು.

ಹಳೇಪೇಪರ್
ಟಿಡಿಎಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ಕಂಪನಿ ಸಂಬಳದಲ್ಲಿ ತೆರಿಗೆ ಹಿಡಿದು ಕಟ್ಟದಿದ್ದರೆ, ಆ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳುವಂತಿಲ್ಲ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 205 ಅದೇ ಹೇಳುತ್ತಿತ್ತು. ನೋಟಿಸ್ ಬಂದರೆ ಹೆದರಿ ಕಟ್ಟಬೇಡಿ. ಪೇ ಸ್ಲಿಪ್ಪು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಉತ್ತರ ಕೊಡಿ.

ಧಾರವಾಡ_ಪೇಡೆ
ಪೇ ಸ್ಲಿಪ್ಪು, ಪೇ ಸ್ಲಿಪ್ಪು, ಪೇ ಸ್ಲಿಪ್ಪು. ನಮ್ಮಪ್ಪ 31 ವರ್ಷದ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಗ್ರಾಚ್ಯುಟಿ ಲೆಕ್ಕದಲ್ಲಿ ನಾಲ್ಕು ವರ್ಷ ಬಿಟ್ಟುಹೋಗಿತ್ತು. ಡಬ್ಬಿ ತಗೊಂಡು ಹೋಗಿ ಮೇಜಿನ ಮೇಲೆ ಸುರಿದರು ನೋಡ್ರಿ, ಅವತ್ತೇ ತಿದ್ದಿದರು.

ಪೀಣ್ಯ_ಫಿಟ್ಟರ್
ಹನ್ನೊಂದು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಆ ಕಾಗದದ ಪ್ರತಿ ಆರ್.ಪಿ. ಆಫೀಸಿನಲ್ಲಿ ಕೇಳಿದೆ, ತೋರಿಸಿದರು. ಇಂಗ್ಲಿಷಿನಲ್ಲಿ "ಕಡಿತಕ್ಕೆ ಒಪ್ಪಿಗೆ" ಅಂತಲೇ ಇದೆ. ನೋಡಿ ಕಾಲು ಸೋತು ಕುಳಿತುಬಿಟ್ಟೆ. ಆದರೆ ಅವತ್ತು ಶೆಡ್ಡಿನ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಒಂದು ಚೀಟಿ ಹಾಕಿದ್ದರು. ಸಿಎನ್‌ಸಿ ಸೆಕ್ಷನ್ನಿನ ಒಬ್ಬ ಹುಡುಗ ಅದರ ಫೋಟೋ ಹೊಡೆದು ಹೆಂಡತಿಗೆ ಕಳಿಸಿದ್ದನಂತೆ, ಈ ತಿಂಗಳಿಂದ ಸಂಬಳ ಕಡಿಮೆ ಅಂತ ತಿಳಿಸಲು. ಆ ಮೆಸೇಜು ಇನ್ನೂ ಅವಳ ಫೋನಿನಲ್ಲಿದೆ, ದಿನಾಂಕದ ಸಮೇತ. ಅದರಲ್ಲಿ ಹೀಗಿದೆ: "ಪರಿಸ್ಥಿತಿ ಸುಧಾರಿಸಿದ ನಂತರ ಈ ಮೊತ್ತವನ್ನು ಹಿಂದಿರುಗಿಸಲಾಗುವುದು." ಕೆಳಗೆ ಕಂಪನಿ ಸೀಲು, ಎಂ.ಡಿ. ಸೈನು.

ಲೆಕ್ಕಪತ್ರ
ಆ ಫೋನು ಯಾರಿಗೂ ಕೊಡಬೇಡಿ, ಮೆಸೇಜು ಅಳಿಸಬೇಡಿ. ಪ್ರಿಂಟು ತೆಗೆದು ಎಲ್ಲರ ಫಾರಂ ಡಿ ಜೊತೆ ಲಗತ್ತಿಸಿ. 1,24,000 ಸೇರಿಸಿಯೇ ಕ್ಲೇಮ್ ಹಾಕಿ. ಆರ್.ಪಿ. ಒಪ್ಪದಿದ್ದರೆ ಎನ್‌ಸಿಎಲ್‌ಟಿ ಮುಂದೆ ಹೋಗಬಹುದು. ಗೆದ್ದೇ ಗೆಲ್ಲುತ್ತೀರಿ ಅಂತ ನಾನು ಹೇಳುವುದಿಲ್ಲ. ಆದರೆ ಈಗ ವಾದ ಮಾಡಲು ಕೈಯಲ್ಲಿ ಏನೋ ಇದೆ.

ಪೀಣ್ಯ_ಫಿಟ್ಟರ್
ನಿನ್ನೆ 63 ಜನ ಒಟ್ಟಿಗೆ ಹಾಕಿದೆವು. ಮೂವರು ಸೂಪರ್‌ವೈಸರ್‌ಗಳೂ ಬಂದಿದ್ದರು. ತಮ್ಮನ 80 ಲಕ್ಷದ ಬಗ್ಗೆ ಬೇರೆ ಪತ್ರ ಕೊಟ್ಟು ಸೀಲು ಹಾಕಿಸಿಕೊಂಡೆವು. ಪಿ.ಎಫ್. ದೂರು ಇನ್ನೂ ಬಾಕಿ. ಉಳಿದ ನೂರು ಚಿಲ್ಲರೆ ಜನ ಊರಿಗೆ ಹೋಗಿಬಿಟ್ಟಿದ್ದಾರೆ, ರಾಯಚೂರು, ಕಲಬುರಗಿ ಕಡೆಯವರು ಜಾಸ್ತಿ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇವೆ. ಕೆಲವರ ನಂಬರ್ ಬದಲಾಗಿದೆ.

ರಾಜಾಜಿನಗರ_ವರ್ಕ್‌ಶಾಪ್
ಫಿಟ್ಟರ್ ಅವರೇ, ನನಗೊಬ್ಬ ಅನುಭವಸ್ಥ ಬೇಕು. 16,000ಕ್ಕಲ್ಲ. ಖಾಸಗಿ ಮೆಸೇಜ್ ಮಾಡಿದ್ದೇನೆ, ನೋಡಿ.

ಸೂಪರ್‌ವೈಸರ್_ತುಮಕೂರು
ಕಲಬುರಗಿ ಹುಡುಗರಲ್ಲಿ ಇಬ್ಬರು ಈಗ ಇಲ್ಲಿ ವಸಂತನರಸಾಪುರದಲ್ಲಿ ಕೆಲಸ ಮಾಡುತ್ತಿದ್ದಾರೆ ಅನ್ನಿಸುತ್ತದೆ, ಪಂಪಿನ ಕಂಪನಿಯಿಂದ ಬಂದೆವು ಅನ್ನುತ್ತಿದ್ದರು. ನಾಳೆ ಶಿಫ್ಟ್ ಬಿಡುವಾಗ ಗೇಟಿನಲ್ಲಿ ನಿಂತು ಕೇಳುತ್ತೇನೆ. ಪಿ.ಎಫ್. ಪಾಸ್‌ಬುಕ್ ಪ್ರಿಂಟ್ ತೆಗೆಯಲು ಅವರಿಗೆ ಯುಎಎನ್ ನಂಬರ್ ನೆನಪಿಲ್ಲದಿದ್ದರೆ ಏನು ಮಾಡಬೇಕು?

ಲೆಕ್ಕಪತ್ರ
ಹಳೇ ಪೇ ಸ್ಲಿಪ್ಪಿನ ಮೇಲೆ ಇರುತ್ತದೆ ನೋಡಿ.